ಸುಸ್ಥಿರತೆ ಕಲಿಸುವ ಜಾಲಕ್ಕೆ ಸರ್ಕಾರದ ಬೆಂಬಲ ಬೇಕಾ? ದುಡ್ಡನ್ನು ಕೊನೆಗೆ ಕೇಳಿ

ಎರಡು ಮೂರು ಶಾಲೆ, ಒಂದು ಕಾಲೇಜು, ಒಂದೆರಡು ಸಂಘ, ನೀರು ಸರಬರಾಜು ಕಚೇರಿಯ ಒಬ್ಬ ಎಂಜಿನಿಯರ್, ರಜೆ ಸಿಕ್ಕರೆ ಹಕ್ಕಿ ನೋಡಲು ಹೊರಡುವ ನಾಲ್ಕು ಜನ. ಇವರೆಲ್ಲ ಸೇರಿ ತಮ್ಮ ಪ್ರದೇಶದ ನೀರು, ಕಸ, ಮಣ್ಣು, ವಿದ್ಯುತ್ತಿನ ಬಗ್ಗೆ ಮಕ್ಕಳಿಗೂ ದೊಡ್ಡವರಿಗೂ ಕಲಿಸಲು ಶುರು ಮಾಡುತ್ತಾರೆ. ಸುಸ್ಥಿರತೆ ಕಲಿಸುವ ಜಾಲ ಅಂದರೆ ಇದೇ. ಒಂದು ವರ್ಷ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಎಲ್ಲರ ಜೇಬೂ ಖಾಲಿ, ಪುರುಸೊತ್ತೂ ಖಾಲಿ. ಆಗ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಸರ್ಕಾರದಿಂದ ಏನಾದ್ರೂ ಸಿಗುತ್ತಾ ನೋಡೋಣ."

ಸಿಗುತ್ತದೆ. ಆದರೆ ಕೇಳುವ ಕ್ರಮ ಗೊತ್ತಿರಬೇಕು.

ಹೆಚ್ಚಿನವರು ಮಾಡುವುದು ಇಷ್ಟು. ಮೂವತ್ತು ಪುಟದ ಪ್ರಸ್ತಾವನೆ ಬರೆದು, ಕೊನೆಯ ಪುಟದಲ್ಲಿ ದೊಡ್ಡ ಮೊತ್ತ ಹಾಕಿ, ಸಿಕ್ಕಿದ ಮೊದಲ ಕಚೇರಿಗೆ ಕೊಟ್ಟು ಬರುತ್ತಾರೆ. ಫೈಲ್ ಮೇಜಿಂದ ಮೇಜಿಗೆ ಓಡಾಡಿ ಎಲ್ಲೋ ಮಲಗುತ್ತದೆ. ಆ ಅಧಿಕಾರಿ ಕೆಟ್ಟವರು ಅಂತಲ್ಲ. ಗುರುತಿಲ್ಲದ, ನೋಂದಣಿ ಇಲ್ಲದ, ಹತ್ತು ಸಂಸ್ಥೆಗಳ ಒಂದು ಗುಂಪಿಗೆ ದುಡ್ಡು ಕೊಡಿ ಅಂತ ಸಹಿ ಹಾಕಿದರೆ ನಾಳೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರೇ. ಸುಮ್ನೆ ಇದ್ದುಬಿಡುವುದೇ ಅವರಿಗೆ ಕ್ಷೇಮ, ಅಲ್ವಾ?

ಅದಕ್ಕೇ ನನ್ನ ಸಲಹೆ: ಸಹಿ ಹಾಕಲು ಭಯ ಆಗದಂಥದ್ದನ್ನು ಮೊದಲು ಕೇಳಿ. ಸರ್ಕಾರದ ಹತ್ತಿರ ದುಡ್ಡಲ್ಲದೆ ಇನ್ನೂ ಮೂರು ಇವೆ. ಜಾಗ ಇದೆ, ಹೆಸರು ಇದೆ, ಜನ ಇದ್ದಾರೆ. ಜಾಗ ಅಂದರೆ ಸಂಜೆ ಹೊತ್ತು ಖಾಲಿ ಬಿದ್ದಿರುವ ಸಭಾಂಗಣ, ಗ್ರಂಥಾಲಯದ ಒಂದು ಕೋಣೆ, ಶನಿವಾರದ ಶಾಲಾ ಕಟ್ಟಡ. ಹೆಸರು ಅಂದರೆ ಒಂದು ಸುತ್ತೋಲೆ. "ಈ ಜಾಲದ ಕೆಲಸದಲ್ಲಿ ಶಾಲೆಗಳು ಭಾಗವಹಿಸಬಹುದು" ಅನ್ನುವ ಎರಡು ಸಾಲಿನ ಪತ್ರ ಸಾಕು, ಅಲ್ಲಿಯವರೆಗೆ ಬಾಗಿಲು ತೆರೆಯದ ಮುಖ್ಯೋಪಾಧ್ಯಾಯರು ತಾವೇ ಫೋನ್ ಮಾಡುತ್ತಾರೆ.

ಜನರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದೇ ಎಲ್ಲಕ್ಕಿಂತ ಬೆಲೆಬಾಳುವ ಬೆಂಬಲ, ಇದನ್ನೇ ಯಾರೂ ಕೇಳುವುದಿಲ್ಲ. ಇಂಥ ಜಾಲ ನಿಲ್ಲುವುದು ಬ್ಯಾನರ್ ಇಲ್ಲದೆ ಅಲ್ಲ, ಸಭೆ ಕರೆಯುವವರು ಇಲ್ಲದೆ. ಫೋನ್ ಮಾಡುವವರು, ನೆನಪಿಸುವವರು, ನಡಾವಳಿ ಬರೆಯುವವರು, ಒಂದು ಶಾಲೆಯಲ್ಲಿ ನಡೆದದ್ದನ್ನು ಇನ್ನೊಂದು ಶಾಲೆಗೆ ಹೇಳುವವರು ಒಬ್ಬರು ಬೇಕು. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯ ತನ್ನ ಪ್ರಾದೇಶಿಕ ಪರಿಸರ ಶಿಕ್ಷಣ ಕೇಂದ್ರಗಳಿಗೆ ಹೀಗೇ ಬಲ ಕೊಟ್ಟಿತು. ಶಾಲಾ ಶಿಕ್ಷಕರಿಗೆ ವಾರದ ಪಾಠದ ಅವಧಿಗಳಲ್ಲಿ ಕೆಲವನ್ನು ಬಿಟ್ಟುಕೊಟ್ಟು, ಆ ಹೊತ್ತಿನಲ್ಲಿ ಕೇಂದ್ರದ ಕೆಲಸ ಮಾಡಲು ಬಿಟ್ಟಿತು. ಶಿಕ್ಷಕರ ಸಂಬಳ ಹೇಗೂ ಬಜೆಟ್‌ನಲ್ಲಿ ಇರುತ್ತದೆ. ಹೊಸ ಅನುದಾನದ ಫೈಲ್‌ಗಿಂತ ನಿಯೋಜನೆಯ ಆದೇಶಕ್ಕೆ ಸಹಿ ಸಿಗುವುದು ಸುಲಭ. ಹಾಗಾಗಿ "ವಾರಕ್ಕೆ ಎರಡು ದಿನ ಒಬ್ಬರನ್ನು ಕೊಡಿ" ಅಂತ ಕೇಳಿ ನೋಡಿ. ಯಾರನ್ನು ಅಂತ ನೀವೇ ಹೆಸರು ಹೇಳುವುದು ಒಳ್ಳೆಯದು. ಇಲ್ಲದಿದ್ದರೆ ಬೇರೆಲ್ಲೂ ಬೇಡವಾದವರು ನಿಮ್ಮ ಪಾಲಿಗೆ ಬರಬಹುದು!

ಇನ್ನು ಯಾವ ಬಾಗಿಲು ತಟ್ಟುವುದು? ಶಿಕ್ಷಣ ಇಲಾಖೆಯವರು "ಇದು ಪರಿಸರದ್ದು" ಅನ್ನುತ್ತಾರೆ, ಪರಿಸರ ಇಲಾಖೆಯವರು "ಇದು ಶಾಲೆಯದ್ದು" ಅನ್ನುತ್ತಾರೆ, ಸ್ಥಳೀಯ ಆಡಳಿತದವರು ಮೇಲಿನಿಂದ ಪತ್ರ ಬರಲಿ ಅನ್ನುತ್ತಾರೆ. ಇಲ್ಲಿ ಒಂದು ಒಳದಾರಿ ಇದೆ. ಹಲವು ಅಂತರರಾಷ್ಟ್ರೀಯ ಒಪ್ಪಂದಗಳ ಅಡಿಯಲ್ಲಿ ದೇಶಗಳು ಶಿಕ್ಷಣ ಮತ್ತು ಜಾಗೃತಿಗೆ ಅಂತಲೇ ಒಬ್ಬ ಸಂಪರ್ಕ ಅಧಿಕಾರಿಯನ್ನು ಹೆಸರಿಸುವುದುಂಟು. ಜೌಗು ಪ್ರದೇಶಗಳ ರಾಮ್‌ಸರ್ ಒಪ್ಪಂದದಲ್ಲಿ ಸರ್ಕಾರದ ಕಡೆಯಿಂದ ಒಬ್ಬರು, ಸರ್ಕಾರೇತರ ಸಂಸ್ಥೆಗಳ ಕಡೆಯಿಂದ ಒಬ್ಬರು ಇರುತ್ತಾರೆ. ಹವಾಮಾನ ಒಪ್ಪಂದದಲ್ಲೂ ಇಂಥವರು ಉಂಟು. 2015ರ ಪ್ಯಾರಿಸ್ ಒಪ್ಪಂದದ 12ನೇ ವಿಧಿ ಇರುವುದೇ ಹವಾಮಾನದ ಬಗ್ಗೆ ಶಿಕ್ಷಣ, ತರಬೇತಿ, ಜಾಗೃತಿ ಕುರಿತು. ಯುನೆಸ್ಕೋ ಜೊತೆ ಕೆಲಸ ಮಾಡಲು ರಾಷ್ಟ್ರೀಯ ಆಯೋಗಗಳಿವೆ. ಈ ಅಧಿಕಾರಿಗಳ ಕೈಯಲ್ಲಿ ದುಡ್ಡು ಕಡಿಮೆ. ಆದರೆ ವರದಿ ಬರೆಯುವ ಹೊತ್ತಿಗೆ ಅವರಿಗೆ ನಿಜವಾಗಿ ನಡೆದ ಕೆಲಸದ ಉದಾಹರಣೆ ಬೇಕೇ ಬೇಕು, ಅದು ನಿಮ್ಮ ಹತ್ತಿರ ಇದೆ. ಅವರಿಗೆ ಒಂದು ಪುಟದ ವರದಿ, ನಾಲ್ಕು ಫೋಟೋ ಕಳಿಸಿ. ಬದಲಿಗೆ ನಿಮ್ಮ ಪ್ರದೇಶದ ಅಧಿಕಾರಿಗೆ ಒಂದು ಪರಿಚಯ ಪತ್ರ ಕೇಳಿ.

ಅರ್ಜಿಯಲ್ಲಿ ಏನು ಬರೆಯಬೇಕು ಅನ್ನುವುದಕ್ಕೂ ಇದೇ ಯುಕ್ತಿ. "ಮಕ್ಕಳ ಭವಿಷ್ಯ, ಭೂಮಿ ತಾಯಿ" ಅಂತ ಒಂದು ಪುಟ ಬರೆದರೆ ಓದುವವರು ತಲೆಯಾಡಿಸಿ ಪಕ್ಕಕ್ಕಿಡುತ್ತಾರೆ. ಅದರ ಬದಲು ಸರ್ಕಾರ ಈಗಾಗಲೇ ಒಪ್ಪಿಕೊಂಡಿರುವ ಮಾತನ್ನೇ ಹಿಡಿಯಿರಿ. 2015ರಲ್ಲಿ ಎಲ್ಲ ದೇಶಗಳೂ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7 ಅಂತ ಒಂದಿದೆ. 2030ರೊಳಗೆ ಎಲ್ಲ ಕಲಿಯುವವರಿಗೂ ಸುಸ್ಥಿರ ಬದುಕಿಗೆ ಬೇಕಾದ ತಿಳಿವಳಿಕೆ ಸಿಗಬೇಕು ಅನ್ನುವುದು ಅದರ ಸಾರ. ಅದನ್ನು ಅಳೆಯಲು ನಾಲ್ಕು ಕಡೆ ನೋಡುತ್ತಾರೆ: ಶಿಕ್ಷಣ ನೀತಿ, ಪಠ್ಯಕ್ರಮ, ಶಿಕ್ಷಕರ ತರಬೇತಿ, ವಿದ್ಯಾರ್ಥಿಗಳ ಮೌಲ್ಯಮಾಪನ. ನೀತಿ, ಪಠ್ಯ ಮೇಲಿನವರ ಕೆಲಸ. ಶಿಕ್ಷಕರ ತರಬೇತಿಯಲ್ಲಿ ನಿಮ್ಮ ಜಾಲಕ್ಕೆ ದೊಡ್ಡ ಜಾಗ ಇದೆ. "ನಿಮ್ಮ ಇಲಾಖೆಯ ಶಿಕ್ಷಕರ ತರಬೇತಿಯಲ್ಲಿ ಈ ಎರಡು ದಿನ ನಾವು ನಡೆಸಿಕೊಡುತ್ತೇವೆ" ಅಂದರೆ ಕೇಳುವವರಾಗಿ ಹೋದವರು ಕೊಡುವವರಾಗಿ ಕೂರುತ್ತೀರಿ. ಕುರ್ಚಿ ಅದೇ, ಮಾತಿನ ಧಾಟಿಯೇ ಬೇರೆ.

ಈಗ ಒಂದು ಬೇಸರದ ವಿಷಯ. ಬ್ಯಾಂಕ್ ಖಾತೆ ಯಾರದ್ದು? ಜಾಲ ಅನ್ನುವುದು ಸಾಮಾನ್ಯವಾಗಿ ಕಾನೂನಿನ ಕಣ್ಣಿಗೆ ಏನೂ ಅಲ್ಲ. ಹಾಗಾಗಿ ಯಾವುದಾದರೂ ಒಂದು ಸಂಸ್ಥೆ ಮನೆಯಾಗಬೇಕು, ಹೆಚ್ಚಾಗಿ ಒಂದು ವಿಶ್ವವಿದ್ಯಾಲಯ. ಸ್ಕಾಟ್ಲೆಂಡ್‌ನ ಜಾಲ, ಲರ್ನಿಂಗ್ ಫಾರ್ ಸಸ್ಟೈನಬಿಲಿಟಿ ಸ್ಕಾಟ್ಲೆಂಡ್, ಎಡಿನ್‌ಬರಾ ವಿಶ್ವವಿದ್ಯಾಲಯದಲ್ಲಿ ಕೂತಿದೆ, ಅಲ್ಲಿನ ಸರ್ಕಾರದ ನೆರವೂ ಸಿಕ್ಕಿದೆ. ಇದು ಒಳ್ಳೆಯ ದಾರಿ. ಆದರೆ ನಾನು ಹತ್ತಿರದಿಂದ ನೋಡಿದ ಒಂದು ಜಾಲ ಮುರಿದದ್ದೂ ಇದೇ ಜಾಗದಲ್ಲಿ. ಅನುದಾನ ಬಂತು, ಮನೆ ಕೊಟ್ಟ ಸಂಸ್ಥೆ ಆಡಳಿತ ವೆಚ್ಚ ಅಂತ ಒಂದು ಪಾಲು ಹಿಡಿದುಕೊಂಡಿತು, ಉಳಿದವರಿಗೆ ಅದು ಗೊತ್ತಾಗಿದ್ದು ವರ್ಷದ ಕೊನೆಯಲ್ಲಿ. ಜಗಳ ದುಡ್ಡಿಗಿಂತ ಜಾಸ್ತಿ ಹೇಳದೆ ಇದ್ದದ್ದಕ್ಕೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಒಂದು ಪುಟದಲ್ಲಿ ಬರೆದುಕೊಳ್ಳಿ: ಖಾತೆ ಯಾರದ್ದು, ಎಷ್ಟು ಪಾಲು ಕಚೇರಿ ಖರ್ಚಿಗೆ, ಚೆಕ್‌ಗೆ ಎಷ್ಟು ಜನರ ಸಹಿ, ಕೊಂಡ ಸಾಮಾನು ಕೊನೆಗೆ ಯಾರಿಗೆ. ಸ್ನೇಹಿತರ ನಡುವೆ ಇದೆಲ್ಲ ಯಾಕೆ ಅನ್ನಿಸುತ್ತದೆ. ಬರೆಯಿರಿ.

ಅಂತರರಾಷ್ಟ್ರೀಯ ಮಾನ್ಯತೆಯೂ ಒಂದು ಮೆಟ್ಟಿಲು. ಟೋಕಿಯೋದಲ್ಲಿರುವ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ ಇಂಥ ಜಾಲಗಳನ್ನು 'ಪ್ರಾದೇಶಿಕ ಪರಿಣತಿ ಕೇಂದ್ರ' ಅಂತ ಗುರುತಿಸುತ್ತದೆ, ಚಿಕ್ಕದಾಗಿ ಆರ್‌ಸಿಇ. 2005ರಲ್ಲಿ ಏಳು ಜಾಲಗಳಿಂದ ಶುರುವಾಗಿದ್ದು ಈಗ ಜಗತ್ತಿನಾದ್ಯಂತ 150ಕ್ಕೂ ಜಾಸ್ತಿ ಇವೆ. ಹೆಸರಲ್ಲಿ ಕೇಂದ್ರ ಅಂತ ಇದ್ದರೂ ಅದು ಕಟ್ಟಡ ಅಲ್ಲ, ಜನರ ಜಾಲ. ಆಡಳಿತ ವ್ಯವಸ್ಥೆ ಹೇಗಿದೆ, ಯಾರು ಯಾರು ಕೈಜೋಡಿಸಿದ್ದಾರೆ, ಸಂಶೋಧನೆ ಏನು, ಕಲಿಕೆ ಜನರಲ್ಲಿ ಬದಲಾವಣೆ ತರುವಂತಿದೆಯಾ, ಈ ನಾಲ್ಕನ್ನು ಅವರು ನೋಡುತ್ತಾರೆ. ಒಂದು ಮಾತು ನೆನಪಿರಲಿ: ಈ ಮಾನ್ಯತೆಯ ಜೊತೆ ದುಡ್ಡು ಬರುವುದಿಲ್ಲ. ಬರುವುದು ಹೆಸರು, ಇತರ ಜಾಲಗಳ ಒಡನಾಟ, ಜೊತೆಗೆ ವರದಿ ಬರೆಯುವ ಕೆಲಸ. ಆದರೂ ಆ ಪತ್ರ ಫೈಲ್‌ನಲ್ಲಿದ್ದರೆ ಅಧಿಕಾರಿಗೆ ಸಹಿ ಹಾಕಲು ಧೈರ್ಯ ಬರುತ್ತದೆ.

ಆ ಮೊದಲ ಏಳರಲ್ಲಿ ಒಂದು ಜಪಾನಿನ ಒಕಾಯಾಮಾ. ಅಲ್ಲಿ ನಗರಾಡಳಿತವೇ ಸಂಯೋಜನೆಯ ಹೊಣೆ ಹೊತ್ತಿತು. ಹೊಸ ಕೇಂದ್ರ ಕಟ್ಟುವ ಬದಲು 'ಕೋಮಿನ್‌ಕನ್' ಅನ್ನುವ, ಮೊದಲಿಂದಲೂ ಇದ್ದ ಸಮುದಾಯ ಕಲಿಕಾ ಕೇಂದ್ರಗಳನ್ನೇ ಬಳಸಿಕೊಂಡರು. 2014ರಲ್ಲಿ ಸುಸ್ಥಿರ ಅಭಿವೃದ್ಧಿಯ ಶಿಕ್ಷಣದ ಬಗ್ಗೆ ಯುನೆಸ್ಕೋ ನಡೆಸಿದ ವಿಶ್ವ ಸಮ್ಮೇಳನದ ಸಭೆಗಳು ನಡೆದ ಊರುಗಳಲ್ಲಿ ಒಕಾಯಾಮಾ ಒಂದು, 2016ರಲ್ಲಿ ಇದೇ ಶಿಕ್ಷಣಕ್ಕೆ ಕೊಡುವ ಯುನೆಸ್ಕೋ-ಜಪಾನ್ ಪ್ರಶಸ್ತಿಯೂ ಅವರಿಗೆ ಸಿಕ್ಕಿತು. ಜಾಗ, ಹೆಸರು, ಜನ ಮೂರೂ ಸರ್ಕಾರದ್ದೇ.

ಸರಿ, ಈಗ ದುಡ್ಡು. ಒಂದು ವರ್ಷ ಸಣ್ಣ ಬೆಂಬಲದಲ್ಲಿ ಕೆಲಸ ಮಾಡಿ ತೋರಿಸಿದ್ದೀರಿ, ಕೇಳುವ ಹೊತ್ತು ಬಂದಿದೆ. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಇಲ್ಲಿ ಗಾಳಿ ಬೀಸುವುದು ಬಜೆಟ್ ಮಂಡಿಸಿದ ದಿನ ಅಲ್ಲ. ಅದಕ್ಕೂ ತಿಂಗಳುಗಳ ಮೊದಲು, ಪ್ರತಿ ಕಚೇರಿಯೂ ಮುಂದಿನ ವರ್ಷಕ್ಕೆ ಬೇಕಾದದ್ದರ ಪಟ್ಟಿ ಮಾಡುವಾಗ. ಆ ತಿಂಗಳು ಯಾವುದು ಅಂತ ಕಚೇರಿಯ ಗುಮಾಸ್ತರನ್ನು ಕೇಳಿ, ಅವರಿಗೆ ಗೊತ್ತಿರುವಷ್ಟು ಮಂತ್ರಿಗಳಿಗೂ ಗೊತ್ತಿರುವುದಿಲ್ಲ. ವರ್ಷದ ಕೊನೆಯ ವಾರ "ಉಳಿದ ದುಡ್ಡಿದೆ, ಹತ್ತು ದಿನದಲ್ಲಿ ಖರ್ಚು ಮಾಡ್ತೀರಾ?" ಅಂತಲೂ ಕರೆ ಬರಬಹುದು. ನಾನಾದರೆ ಹೆದರುತ್ತೇನೆ. ಆ ದುಡ್ಡು ಟೀ ಶರ್ಟು, ಟೋಪಿ, ಬ್ಯಾಗುಗಳಾಗಿ ಮುಗಿಯುತ್ತದೆ, ಲೆಕ್ಕ ಮಾತ್ರ ಮೂರು ವರ್ಷ ಬೆನ್ನು ಬಿಡುವುದಿಲ್ಲ.

ಖರ್ಚಿನ ಪಟ್ಟಿಯಲ್ಲಿ ಸಂಯೋಜಕರ ಸಂಬಳ ಮೊದಲು ಹಾಕಿ, ನಾಚಿಕೆ ಬೇಡ. ಆಮೇಲೆ ಓಡಾಟದ ಖರ್ಚು, ಶಿಕ್ಷಕರು ಬಂದಾಗ ತರಗತಿ ನೋಡಿಕೊಳ್ಳುವವರ ಖರ್ಚು. ವರ್ಷವಿಡೀ ಮೂರು ಸಲ ಸಿಗುವ ಸಣ್ಣ ಕಂತು ಒಂದೇ ಸಲ ಸಿಗುವ ದೊಡ್ಡ ಮೊತ್ತಕ್ಕಿಂತ ಮೇಲು. ವರದಿಗೆ "ಎಷ್ಟು ಜನ ಬಂದರು" ಅನ್ನುವುದು ಅವರು ಕೇಳುವ ಅಂಕಿ, ಕೊಡಿ. ಜೊತೆಗೆ ಅವರು ಕೇಳದೇ ಇರುವುದನ್ನೂ ಕೊಡಿ: ತರಬೇತಿಯ ಆರು ತಿಂಗಳ ಮೇಲೆ ಎಷ್ಟು ಶಾಲೆಗಳಲ್ಲಿ ನೀರಿನ ಮೀಟರ್ ಓದುತ್ತಿದ್ದಾರೆ, ಎಷ್ಟು ಕಡೆ ನಿಂತುಹೋಯಿತು, ಯಾಕೆ. ನಿಂತುಹೋದದ್ದನ್ನು ಮುಚ್ಚಿಡಬೇಡಿ. ಮುಂದಿನ ವರ್ಷದ ಅರ್ಜಿಗೆ ಅದೇ ಕಾರಣ.

ಒಂದೇ ಇಲಾಖೆಗೆ ಜೋತು ಬೀಳುವುದು ಅಪಾಯ. ಬ್ರಿಟನ್ನಿನಲ್ಲಿ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ಸುಸ್ಥಿರ ಅಭಿವೃದ್ಧಿ ಆಯೋಗವನ್ನೇ ಸರ್ಕಾರ ಬದಲಾದ ಮೇಲೆ 2011ರಲ್ಲಿ ಮುಚ್ಚಿಬಿಟ್ಟರು. ಸರ್ಕಾರದ್ದೇ ಸಂಸ್ಥೆಗೆ ಹೀಗಾದರೆ ನಿಮ್ಮ ಜಾಲ ಯಾವ ಲೆಕ್ಕ? ನ್ಯೂಜಿಲೆಂಡ್‌ನ ಎನ್ವಿರೋಸ್ಕೂಲ್ಸ್ ನೋಡಿ. ಅಲ್ಲಿ ಪ್ರದೇಶದ ಸಂಯೋಜಕರಿಗೆ ಹೆಚ್ಚಾಗಿ ಸ್ಥಳೀಯ ಮಂಡಳಿಗಳೇ ದುಡ್ಡು ಕೊಡುತ್ತವೆ. ರಾಜಧಾನಿಯಲ್ಲಿ ಯಾರೋ ಮನಸ್ಸು ಬದಲಿಸಿದರೆ ಪೆಟ್ಟು ಬೀಳುತ್ತದೆ ನಿಜ, ಆದರೆ ಎಲ್ಲ ಕಡೆ ಒಂದೇ ದಿನ ದೀಪ ಆರುವುದಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಇನ್ನೊಂದು ಷರತ್ತು ನೋಡಿ. ಏನು ಕಲಿಸಬೇಕು ಅನ್ನುವುದನ್ನು ಯಾರು ತೀರ್ಮಾನಿಸುತ್ತಾರೆ? ಮಕ್ಕಳು ಹೊಳೆಯ ನೀರು ಪರೀಕ್ಷೆ ಮಾಡಿದಾಗ ಫಲಿತಾಂಶ ಕೆಟ್ಟದಾಗಿ ಬಂದರೆ ಅದನ್ನು ಗೋಡೆಗೆ ಅಂಟಿಸಲು ಅನುಮತಿ ಬೇಕಾ? ಬೇಕು ಅಂತ ಬರೆದಿದ್ದರೆ ಆ ಸಾಲು ತೆಗೆಸಿ. ತೆಗೆಯದಿದ್ದರೆ ಜಾಗ ಮಾತ್ರ ತೆಗೆದುಕೊಳ್ಳಿ, ದುಡ್ಡು ಬಿಡಿ.

ಕೊನೆಗೆ ವರ್ಗಾವಣೆ. ನಿಮ್ಮನ್ನು ಅರ್ಥ ಮಾಡಿಕೊಂಡ ಅಧಿಕಾರಿ ಒಂದು ದಿನ ಹೋಗಿಯೇ ಹೋಗುತ್ತಾರೆ. ಅದಕ್ಕೆ ಮೊದಲಿಂದಲೇ ಒಂದು ತೆಳು ಫೈಲ್ ಇಟ್ಟುಕೊಳ್ಳಿ: ಸುತ್ತೋಲೆಯ ಪ್ರತಿ, ಆದೇಶ, ಕೊನೆಯ ವರದಿ, ಎರಡು ಫೋಟೋ, ಮುಂದೆ ಏನು ಬೇಕು ಅನ್ನುವ ಅರ್ಧ ಪುಟ. ಹೊಸಬರು ಬಂದ ಮೊದಲ ವಾರವೇ, ಅಭಿನಂದನೆಯ ಹೂಗುಚ್ಛಗಳ ಸಾಲು ಮುಗಿಯುವ ಮುಂಚೆ, ಹೋಗಿ ಅದನ್ನು ಕೈಗೆ ಕೊಡಿ. ಸಾಧ್ಯವಾದರೆ ಹಳೆಯ ಅಧಿಕಾರಿಯಿಂದಲೇ ಒಂದು ಫೋನ್ ಮಾಡಿಸಿ.