ಸ್ಮೋಕರ್‌ನ ಸುಳ್ಳು ಮುಳ್ಳು: ಗೇಜ್ ಬದಲಿಸುವುದು ಹೇಗೆ?

ಹ್ಯೂಸ್ಟನ್‌ನಲ್ಲಿರುವ ನಮ್ಮ ಮನೆ ಹಿತ್ತಲು. ಚಳಿಗಾಲದ ಬೆಳಗ್ಗೆ. ಸ್ಮೋಕರ್‌ಗೆ, ಅಂದರೆ ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆಗೆ, ಇನ್ನೂ ಬೆಂಕಿಯನ್ನೇ ಹಚ್ಚಿರಲಿಲ್ಲ, ಬಿಸಿ ಅಳೆಯಲು ಮುಚ್ಚಳದ ಮೇಲಿರುವ ಗೇಜ್ ಆಗಲೇ 150 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು! ಹನ್ನೆರಡು ಗಂಟೆ ಇಟ್ಟರೂ ಬ್ರಿಸ್ಕೆಟ್ (ದನದ ಎದೆಭಾಗದ ಮಾಂಸ) ಚಕ್ಕಳದ ಹಾಗೆ ಬರುತ್ತಿದ್ದುದಕ್ಕೆ ಅಲ್ಲಿಯವರೆಗೆ ಸುಮ್ನೆ ಸೌದೆಯನ್ನು ಬೈಯುತ್ತಿದ್ದೆ.

ಟೆಕ್ಸಸ್ ಕಡೆಯ ಹೊಗೆ ಅಡುಗೆಗೆ ಸಾಮಾನ್ಯವಾಗಿ 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್ ಬೇಕು. ನಮ್ಮ ಲೆಕ್ಕದಲ್ಲಿ 107ರಿಂದ 121 ಸೆಲ್ಸಿಯಸ್. ಮುಳ್ಳು ಸುಳ್ಳು ಹೇಳಿದರೆ ಇಡೀ ದಿನದ ಕೆಲಸ ಹಾಳು.

ಈ ಗೇಜ್‌ನಲ್ಲಿ ಬ್ಯಾಟರಿ ಏನೂ ಇರುವುದಿಲ್ಲ. ಡಯಲ್‌ನ ಹಿಂದಿನಿಂದ ಒಲೆಯೊಳಗೆ ಚಾಚಿಕೊಂಡಿರುವ ಕಡ್ಡಿಯೊಳಗೆ ಎರಡು ಬಗೆಯ ಲೋಹವನ್ನು ಬೆಸೆದು ಸುರುಳಿ ಸುತ್ತಿರುತ್ತಾರೆ. ಬಿಸಿ ತಾಗಿದಾಗ ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಸುರುಳಿ ತಿರುಚಿಕೊಂಡು ಮುಳ್ಳನ್ನು ತಿರುಗಿಸುತ್ತದೆ, ಅಷ್ಟೇ.

ಹೊಸದು ಕೊಳ್ಳುವ ಮೊದಲು ಹಳೆಯದನ್ನು ಒಮ್ಮೆ ಪರೀಕ್ಷಿಸಿ. ನನ್ನ ಗೇಜ್‌ನ ಕಡ್ಡಿಗೆ ಡಾಂಬರಿನಂಥ ಕಿಟ್ಟ ಹಿಡಿದಿತ್ತು. ಉಗುರಿನಲ್ಲಿ ಕೆರೆದರೆ ಹಪ್ಪಳದ ಚೂರಿನ ಹಾಗೆ ಏಳುತ್ತಿತ್ತು. ಇದು ಇದ್ದರೆ ಮುಳ್ಳು ಆಮೆ ನಡಿಗೆಯಲ್ಲಿ ಏರುತ್ತದೆ. ಸೋಪು, ಬಿಸಿನೀರು ಹಾಕಿ ತಂತಿ ನಾರಿನಲ್ಲಿ ತಿಕ್ಕಿ. ಆಮೇಲೆ ಕಡ್ಡಿಯನ್ನು ಕೊತಕೊತ ಕುದಿಯುವ ನೀರಿನಲ್ಲಿ ಅದ್ದಿ ಹಿಡಿಯಿರಿ. ಪಾತ್ರೆಯ ತಳಕ್ಕೆ ತಾಗಬಾರದು. ಸಮುದ್ರಮಟ್ಟದ ಊರಾದರೆ 212 ತೋರಿಸಬೇಕು. ಎತ್ತರದ ಊರಾದರೆ ಪ್ರತಿ 500 ಅಡಿಗೆ ಸುಮಾರು ಒಂದು ಡಿಗ್ರಿ ಕಳೆಯಿರಿ. ಡೆನ್ವರ್‌ನಲ್ಲಿ ನೀರು 202ರ ಆಸುಪಾಸಿನಲ್ಲೇ ಕುದಿಯುತ್ತದೆ.

ಕೆಲವು ಗೇಜ್‌ಗಳ ಹಿಂದೆ ಸರಿಪಡಿಸುವ ನಟ್ ಇರುತ್ತದೆ. ಕಡ್ಡಿ ನೀರಿನಲ್ಲಿದ್ದಾಗಲೇ ಅದನ್ನು ತಿರುಗಿಸಿ ಮುಳ್ಳನ್ನು ಸರಿಯಾದ ಅಂಕಿಗೆ ತನ್ನಿ. ನನ್ನದರಲ್ಲಿ ಅದು ಇರಲೇ ಇಲ್ಲ.

ಕೊಳ್ಳುವಾಗ ಡಯಲ್‌ನ ಅಂದಕ್ಕೆ ಮರುಳಾಗಬೇಡಿ, ಗೇಜ್ ಕೂರುವ ಮುಚ್ಚಳದ ತೂತು ಅಳೆಯಿರಿ. ಬದಲಿ ಗೇಜ್‌ಗಳಲ್ಲಿ ಜಾಸ್ತಿ ಸಿಗುವುದು ಅರ್ಧ ಇಂಚಿನ ಪೈಪ್ ಥ್ರೆಡ್‌ನವು (ಪೈಪಿನ ಅಳತೆಯ ತಿರುಪು). ಹೆಸರಿಗೆ ಅರ್ಧ ಇಂಚು, ಅದಕ್ಕೆ ಬೇಕಾದ ತೂತು ಮಾತ್ರ 7/8 ಇಂಚು! ಇದು ಗೊತ್ತಿಲ್ಲದೆ ನಾನು ಅಂಗಡಿಗೆ ಎರಡು ಸಲ ಅಲೆದೆ. ಕಡ್ಡಿಯ ಉದ್ದವನ್ನೂ ನೋಡಿ. ಮುಚ್ಚಳ ಹಾಕಿದಾಗ ಅದು ಮಾಂಸಕ್ಕೆ ಚುಚ್ಚಬಾರದು.

ಬಿಚ್ಚುವಾಗ ಸ್ಮೋಕರ್ ಪೂರ್ತಿ ತಣ್ಣಗಿರಲಿ. ಒಳಗಿನ ನಟ್‌ಗೆ ತುಕ್ಕು ಹಿಡಿದಿರುತ್ತದೆ. ನಾನು ಕೊಬ್ಬರಿ ಎಣ್ಣೆ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟ ಮೇಲೆ ಸಡಿಲವಾಯಿತು. ಸ್ಪ್ರೇ ತಾಗಿದ ಜಾಗವನ್ನು ಸೋಪಿನಲ್ಲಿ ತೊಳೆಯಿರಿ. ಹೊಸ ಗೇಜ್ ಕೂರಿಸುವಾಗ ಡಯಲ್ ಹಿಡಿದು ತಿರುಗಿಸಬೇಡಿ, ಸುರುಳಿ ಹಾಳಾಗುತ್ತದೆ. ಹಿಂದಿನ ಆರು ಮೂಲೆಯ ಭಾಗಕ್ಕೆ ಸ್ಪ್ಯಾನರ್ ಹಾಕಿ. ನಟ್, ವಾಷರ್ ಎರಡೂ ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ. ಸತು ಲೇಪದವು ಅಗ್ಗ, ಆದರೆ ಅಡುಗೆಯ ಬೆಂಕಿಯ ಹತ್ತಿರ ಬೇಡ.

ಇಷ್ಟು ಕಷ್ಟಪಟ್ಟು ಅದೇ ಹಳೇ ತೂತಿಗೇ ಹಾಕಬೇಕಾ? ಮಾಂಸ ಇರುವುದು ಕೆಳಗೆ ಜಾಲರಿಯ ಮೇಲೆ, ಗೇಜ್ ಇರುವುದು ಮುಚ್ಚಳದ ನೆತ್ತಿಯಲ್ಲಿ. ಎರಡೂ ಕಡೆ ಬಿಸಿ ಒಂದೇ ಇರುವುದಿಲ್ಲ, 25ರಿಂದ 50 ಡಿಗ್ರಿ ವ್ಯತ್ಯಾಸ ಬರಬಹುದು. ಹಾಗಾಗಿ ನಾನು ಜಾಲರಿಗಿಂತ ಎರಡು ಇಂಚು ಮೇಲೆ, ಬೆಂಕಿಗೂಡಿನಿಂದ ದೂರದಲ್ಲಿ ಹೊಸ ತೂತು ಕೊರೆದೆ. ಮೊದಲು ಟೇಪ್ ಅಂಟಿಸಿ ಗುರುತು ಹಾಕಿ. ಸಣ್ಣ ಬಿಟ್‌ನಿಂದ ಶುರುಮಾಡಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಬಿಟ್ ಹಾಕಿ ನಿಧಾನಕ್ಕೆ ಕೊರೆಯಿರಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಹಳೇ ತೂತಿಗೆ ಒಂದು ಬೋಲ್ಟ್ ಬಿಗಿದರೆ ಆಯಿತು. ಎನಾಮೆಲ್ ಬಳಿದ ಸ್ಮೋಕರ್ ಆದರೆ ಈ ಸಾಹಸ ಬೇಡ. ಲೇಪ ಚಕ್ಕೆ ಎದ್ದರೆ ಅಲ್ಲಿಂದಲೇ ತುಕ್ಕು ಶುರು.

ಕೊನೆಗೆ ಒಂದು ಗಂಟೆ ಖಾಲಿ ಸ್ಮೋಕರ್ ಉರಿಸಿ. ಜಾಲರಿಯ ಮೇಲೆ ಡಿಜಿಟಲ್ ಥರ್ಮಾಮೀಟರ್ ಇಟ್ಟು ಹೋಲಿಸಿ ನೋಡಿ. ನನ್ನದರಲ್ಲಿ ಐದು ಡಿಗ್ರಿ ವ್ಯತ್ಯಾಸ ಬಂತು, ಅದನ್ನು ಕಾಲಿನ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟೆ. ಸ್ಮೋಕರ್ ಕಾಲಿನ ಮೇಲೆ, ನನ್ನದಲ್ಲ. ಆ ಡಿಜಿಟಲ್ ಥರ್ಮಾಮೀಟರನ್ನು ಎತ್ತಿಡಬೇಡಿ. ಗೇಜ್ ಹೇಳುವುದು ಗೂಡಿನ ಬಿಸಿಯನ್ನು ಮಾತ್ರ. ಕೋಳಿ ಬೆಂದಿದೆಯಾ ಅಂತ ತಿಳಿಯಲು ಮಾಂಸಕ್ಕೇ ಚುಚ್ಚಿ ನೋಡಬೇಕು: ಒಳಗೆ 165 ಬಂದಿರಬೇಕು.