ಕರೆಂಟ್ ಹೋಗಿ ಬಂದರೂ ದಾರಿ ತಪ್ಪದ ಮನೆ ಸಾಫ್ಟ್‌ವೇರ್: ನೀರಿನ ಟಾಕಿಯ ಮೋಟಾರ್‌ನಿಂದಲೇ ಶುರು ಮಾಡಿ

ಮನೆಯ ಲೈಟು, ಕೂಲರ್, ಮೋಟಾರ್ ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯಲು ಕೂತವರು ಮೊದಲು ಸ್ಕ್ರೀನ್ ಮಾಡಲು ಹೋಗುತ್ತಾರೆ. ಬಟನ್ನು, ಬಣ್ಣ ಕೊನೆಗಿರಲಿ. ಕಲಬುರಗಿಯಲ್ಲಿ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ: ಕರೆಂಟ್ ಹೋಗಿ ಬಂದಾಗ ಯಾವುದು ಚಾಲೂ ಆಗಬೇಕು, ಯಾವುದು ಆಗಬಾರದು?

ಇದನ್ನು ನಾನು ಕಲಿತದ್ದು ಒಂದು ಮೇ ತಿಂಗಳಲ್ಲಿ. ಅಂಗಡಿಯಿಂದ ತಂದ ಸ್ಮಾರ್ಟ್ ಸ್ವಿಚ್‌ಗೆ ಮೋಟಾರ್ ಜೋಡಿಸಿದ್ದೆವು. ಮೋಟಾರ್ ಓಡುವಾಗಲೇ ಕರೆಂಟ್ ಹೋಯಿತು, ನಾವು ಬೀಗ ಹಾಕಿಕೊಂಡು ಊರಿಗೆ ಹೋದೆವು, ಕರೆಂಟ್ ಬಂದ ಕೂಡಲೇ ಸ್ವಿಚ್ ಹಳೆಯ ಸ್ಥಿತಿ ನೆನಪಿಟ್ಟುಕೊಂಡು ಮೋಟಾರ್ ಚಾಲೂ ಮಾಡಿಬಿಟ್ಟಿತು. ಸಂಪಿನಲ್ಲಿ ನೀರಿರಲಿಲ್ಲ. ಮೋಟಾರ್ ಸುಟ್ಟಿತು, ಅವ್ವ ಎರಡು ದಿನ ಕೊಡ ಹೊತ್ತಳು.

ಹಾಗಾಗಿ ಮೊದಲ ಕೆಲಸ ಕಾಗದದ ಮೇಲೆ. ಒಂದೊಂದು ಸಾಧನದ ಮುಂದೆ ಮೂರು ವಿಷಯ ಬರೆಯಿರಿ: ಕರೆಂಟ್ ಬಂದರೆ ಏನು, ಮನೆಯೊಳಗಿನ ವೈಫೈ ಹೋದರೆ ಏನು, ಸೆನ್ಸರ್ ಸುದ್ದಿ ಬರದಿದ್ದರೆ ಏನು. ಮೋಟಾರ್‌ಗೆ ಮೂರಕ್ಕೂ ಒಂದೇ ಉತ್ತರ, ಬಂದ್. ಕೂಲರ್ ಹಾಗಲ್ಲ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಒಳಗೆ ಮಗು ಮಲಗಿದ್ದರೆ ಕರೆಂಟ್ ಬಂದ ಕೂಡಲೇ ಅದು ತಾನಾಗೇ ತಿರುಗಬೇಕು, ಅಲ್ವಾ?

ಎರಡನೆಯದು, ಸಾಧನಗಳು ಮಾತಾಡುವ ಭಾಷೆ. ನಾನು ಎಂಕ್ಯೂಟಿಟಿ ಬಳಸುತ್ತೇನೆ. 1999ರಲ್ಲಿ ಎಣ್ಣೆ ಪೈಪ್‌ಲೈನ್‌ಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ಮಾಡಿದ್ದು ಇದು, ಅಂದರೆ ದುರ್ಬಲ ಸಂಪರ್ಕಕ್ಕೆಂದೇ ಹುಟ್ಟಿದ್ದು. ನಡುವೆ ಅಂಚೆಯವನ ಹಾಗೆ ಒಂದು ಬ್ರೋಕರ್ ಇರುತ್ತದೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನ ಮೇಲೆ ಮಸ್ಕಿಟೊ ಅನ್ನುವ ಉಚಿತ ಬ್ರೋಕರ್ ಹಾಕಿ, ಅದನ್ನೂ ರೂಟರನ್ನೂ ಇನ್ವರ್ಟರ್ ಲೈನಿಗೆ ಕೊಡಿ. ಆಗ ಹೊರಗಿನ ನೆಟ್ ಇಲ್ಲದಿದ್ದರೂ ಮನೆಯೊಳಗಿನ ಕೆಲಸ ನಡೆಯುತ್ತದೆ. ಪ್ರತಿ ಸಂದೇಶವೂ ಒಂದು ವಿಷಯದ ಹೆಸರಿನ ಕೆಳಗೆ ಹೋಗುತ್ತದೆ, ಆ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು: ಮನೆ/ಟಾಕಿ/ಮಟ್ಟ, ಮನೆ/ಮೋಟಾರ್/ಸ್ಥಿತಿ, ಮನೆ/ಮೋಟಾರ್/ಆದೇಶ.

ಸ್ಥಿತಿ ಮತ್ತು ಆದೇಶ ಬೇರೆ ಬೇರೆ ಇರುವುದನ್ನು ಗಮನಿಸಿ. ಎಲ್ಲರೂ ತಪ್ಪುವುದು ಇಲ್ಲೇ. ಎಂಕ್ಯೂಟಿಟಿಯಲ್ಲಿ ರಿಟೇನ್ ಅಂತ ಒಂದು ಗುರುತು ಇದೆ. ಅದನ್ನು ಹಾಕಿ ಕಳಿಸಿದ ಕೊನೆಯ ಸಂದೇಶವನ್ನು ಬ್ರೋಕರ್ ಇಟ್ಟುಕೊಂಡು, ಹೊಸದಾಗಿ ಬಂದು ಕೇಳಿದವರಿಗೆಲ್ಲ ಕೊಡುತ್ತದೆ. ಸ್ಥಿತಿಗೆ ಇದು ಬೇಕು. ಆದೇಶಕ್ಕೆ ಮಾತ್ರ ಯಾವತ್ತೂ ಹಾಕಬೇಡಿ, ಇಲ್ಲದಿದ್ದರೆ ನಿನ್ನೆಯ 'ಚಾಲೂ ಮಾಡು' ಇವತ್ತು ಕರೆಂಟ್ ಬಂದ ಕೂಡಲೇ ಮೋಟಾರ್‌ಗೆ ಮತ್ತೆ ಸಿಗುತ್ತದೆ. ಸ್ಕ್ರೀನ್ ಕೂಡ ನೀವು ಒತ್ತಿದ್ದನ್ನು ತೋರಿಸಬಾರದು, ಮೋಟಾರ್ ತಾನೇ ಹೇಳಿದ ಸ್ಥಿತಿಯನ್ನು ತೋರಿಸಬೇಕು.

ಟಾಕಿಯ ಸೆನ್ಸರ್ ಸುಮ್ನೆ ಸತ್ತುಹೋದರೆ? ಅದಕ್ಕೆ ಲಾಸ್ಟ್ ವಿಲ್ ಇದೆ. ಸಾಧನ ಸಂಪರ್ಕಕ್ಕೆ ಬರುವಾಗಲೇ 'ನಾನು ಕಾಣೆಯಾದರೆ ಇದನ್ನು ಹೇಳಿಬಿಡು' ಅಂತ ಬ್ರೋಕರ್‌ಗೆ ಒಂದು ಸಂದೇಶ ಕೊಟ್ಟಿರುತ್ತದೆ. ಕೀಪ್ ಅಲೈವ್, ಅಂದರೆ ಸಾಧನ ಹೆಚ್ಚೆಂದರೆ ಎಷ್ಟು ಹೊತ್ತು ಸುಮ್ಮನಿರಬಹುದು ಅನ್ನುವುದನ್ನು, 60 ಸೆಕೆಂಡ್ ಇಟ್ಟರೆ, ಅದರ ಒಂದೂವರೆ ಪಟ್ಟು, ಅಂದರೆ 90 ಸೆಕೆಂಡ್ ಮಾತಿಲ್ಲದಿದ್ದಾಗ ಬ್ರೋಕರ್ ಆ ಸಂದೇಶವನ್ನು ಆ ವಿಷಯ ಕೇಳುತ್ತಿರುವವರಿಗೆಲ್ಲ ಮುಟ್ಟಿಸುತ್ತದೆ. ಅದು ಬಂದರೆ ಮೋಟಾರ್ ಬಂದ್.

ಆದರೆ ಮೋಟಾರ್ ಉಳಿಸುವ ನಿಯಮಗಳು ಪೈನಲ್ಲಿ ಇರಬಾರದು, ಮೋಟಾರ್ ಪಕ್ಕದ ಇಎಸ್‌ಪಿ32 ಅನ್ನುವ ಪುಟ್ಟ ವೈಫೈ ಬೋರ್ಡಿನಲ್ಲೇ ಇರಬೇಕು, ಏಕೆಂದರೆ ಪೈ ಕೆಟ್ಟ ದಿನವೂ ಅದು ತಾನೇ ನಿರ್ಧಾರ ಮಾಡಬೇಕು. 5 ನಿಮಿಷ ಓಡಿದರೂ ಟಾಕಿಯ ಮಟ್ಟ ಏರದಿದ್ದರೆ ನಿಲ್ಲಿಸು. ಏನೇ ಆದರೂ 30 ನಿಮಿಷಕ್ಕೆ ನಿಲ್ಲಿಸು. ನಿಮ್ಮ ಟಾಕಿ ನೋಡಿಕೊಂಡು ಈ ಅಂಕಿ ಬದಲಿಸಿ. ಇನ್ನೊಂದು ಮಾತು: ಬೋರ್ಡ್ ಹೇಳಿದಂತೆ ಸ್ವಿಚ್ಚಿನ ಕೆಲಸ ಮಾಡುವ ಚಿಕ್ಕ ರಿಲೇಗೆ ಮೋಟಾರನ್ನು ನೇರವಾಗಿ ಜೋಡಿಸಬೇಡಿ, ಶುರುವಾಗುವಾಗ ಅದು ಬಹಳ ಜಾಸ್ತಿ ಕರೆಂಟ್ ಎಳೆಯುತ್ತದೆ. ನಡುವೆ ಕಾಂಟ್ಯಾಕ್ಟರ್, ಅಂದರೆ ಜಾಸ್ತಿ ಕರೆಂಟ್ ತಾಳುವ ದೊಡ್ಡ ರಿಲೇ, ಇರಲಿ, ಆ ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಿ.

ಈಗ ಸ್ಕ್ರೀನ್. ಮನೆಯವರು ಆಡುವ ಮಾತನ್ನೇ ಬರೆಯಿರಿ: 'ಟಾಕಿ ತುಂಬ್ಯಾದ', 'ಮೋಟಾರ್ ಬಂದ್ ಅದ'. ಗೋಡೆಯ ಹಳೆಯ ಸ್ವಿಚ್ ತೆಗೆಯಬೇಡಿ, ಅವ್ವನಿಗೆ ಅದೇ ಬೇಕು.

ಕೊನೆಗೆ ಪರೀಕ್ಷೆ. ಮೋಟಾರ್ ಓಡುವಾಗ ಮೇನ್ ಸ್ವಿಚ್ ಇಳಿಸಿ, ಒಂದು ನಿಮಿಷ ಬಿಟ್ಟು ಏರಿಸಿ. ಆಮೇಲೆ ರೂಟರ್ ಬಂದ್ ಮಾಡಿ ನೋಡಿ, ಸೆನ್ಸರ್ ವೈರ್ ಕಿತ್ತು ನೋಡಿ. ಪ್ರತಿ ಸಲವೂ ಕಾಗದದಲ್ಲಿ ಬರೆದ ಹಾಗೆಯೇ ಆದರೆ ಕೂಲರನ್ನು ಜೋಡಿಸಲು ಕೈ ಹಾಕಿ.