ಆನೆ ತೋರಿಸದೆ ಆನೆ ಸಿನಿಮಾ ಮಾಡಿದ್ದು

ಯಾವ ಥರದ ಸಿನಿಮಾ ಇಷ್ಟ ಅಂತ ಕೇಳಿದರೆ ನಾನು ಸಸ್ಪೆನ್ಸ್ ಅನ್ನುತ್ತೇನೆ, ಹಾರರ್ ಅಲ್ಲ. ಬಿಳಿ ಸೀರೆ, ಗೆಜ್ಜೆ ಸದ್ದು, ತಟ್ಟನೆ ಎದುರಿಗೆ ಬರುವ ಮುಖ, ಇದೆಲ್ಲ ಒಂದು ಸಲ ಬೆಚ್ಚಿಬೀಳಿಸುತ್ತದೆ ಅಷ್ಟೇ, ಎರಡನೇ ಸಲ ನಗು ಬರುತ್ತದೆ. ಸಸ್ಪೆನ್ಸ್‌ನಲ್ಲಿ ಮುಂದೇನಾಗುತ್ತೆ ಅಂತ ಗೊತ್ತಿದ್ದರೂ ಕೈ ಬೆವರುತ್ತದೆ.

1962ರಲ್ಲಿ ಫ್ರೆಂಚ್ ನಿರ್ದೇಶಕ ಟ್ರುಫೋ ಜತೆ ಮಾತಾಡುತ್ತಾ ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಇದನ್ನು ಬಿಡಿಸಿ ಹೇಳಿದ್ದರು. ಇಬ್ಬರು ಹರಟುತ್ತಾ ಕೂತಿದ್ದಾರೆ, ಮೇಜಿನ ಕೆಳಗೆ ಬಾಂಬ್ ಇದೆ. ಅದು ನೋಡುವವರಿಗೂ ಗೊತ್ತಿಲ್ಲದಿದ್ದರೆ, ಸಿಡಿದಾಗ 15 ಸೆಕೆಂಡ್ ಗಾಬರಿ. ಮೊದಲೇ ತೋರಿಸಿಬಿಟ್ಟರೆ ಅದೇ ಸಪ್ಪೆ ಹರಟೆಯನ್ನು 15 ನಿಮಿಷ ಉಸಿರು ಬಿಗಿಹಿಡಿದು ನೋಡುತ್ತಾರೆ.

ಸಕಲೇಶಪುರದ ಕಡೆಯವರಿಗೆ ಬಾಂಬ್ ಯಾಕೆ, ಆನೆ ಇದೆಯಲ್ಲ! ಹಾಗಾಗಿ ಮೊಬೈಲ್‌ನಲ್ಲೇ ಶೂಟ್ ಮಾಡಿದ ನನ್ನ ಕಿರುಚಿತ್ರದ ಮೊದಲ ಶಾಟ್ ಒಂದು ವಾಟ್ಸಾಪ್ ಮೆಸೇಜ್: ಒಂಟಿ ಸಲಗ ಕೆರೆ ಹತ್ತಿರದ ತೋಟದಲ್ಲಿದೆ, ಯಾರೂ ಓಡಾಡಬೇಡಿ. ಮುಂದಿನ ಶಾಟ್‌ನಲ್ಲಿ ಅದೇ ತೋಟದ ದಾರಿಯಲ್ಲಿ ಮನೆಗೆ ಹೋಗಬೇಕಾದ ಹುಡುಗ ಪೇಟೆಯಲ್ಲಿ ಪರೋಟ ತಿನ್ನುತ್ತಿದ್ದಾನೆ, ಅವನ ಫೋನ್ ಸ್ವಿಚ್ ಆಫ್. ಹೋಟೆಲಿನವನು ಚಾರ್ಜರ್ ಕೊಡಲು ಬರುತ್ತಾನೆ. ‘ಬೇಡ ಬಿಡಣ್ಣ, ಮನೆಗೆ ಹೋಗಿ ಹಾಕ್ಕೊಳ್ತೀನಿ’ ಅನ್ನುತ್ತಾನೆ ಹುಡುಗ. ಇಡೀ ಚಿತ್ರ ನಿಂತಿರುವುದು ಆ ಒಂದು ಮಾತಿನ ಮೇಲೆ.

ನೆಟ್‌ನಿಂದ ಆನೆ ಕ್ಲಿಪ್ ತಂದು ಹಾಕು ಅಂತ ಗೆಳೆಯರು ಸಿಕ್ಕಾಪಟ್ಟೆ ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ. 1975ರ ಶಾರ್ಕ್ ಸಿನಿಮಾ ‘ಜಾಸ್’ ಶೂಟಿಂಗ್‌ನಲ್ಲಿ ಯಂತ್ರದ ಶಾರ್ಕ್ ಉಪ್ಪುನೀರಿಗೆ ಪದೇ ಪದೇ ಕೆಡುತ್ತಿತ್ತು, ಅದಕ್ಕೇ ನಿರ್ದೇಶಕ ಸ್ಪೀಲ್‌ಬರ್ಗ್ ಶಾರ್ಕನ್ನು ಆದಷ್ಟು ಕಡಿಮೆ ತೋರಿಸಿದರು, ಸಂಗೀತದಲ್ಲೇ ಹೆದರಿಸಿದರು. ನನ್ನ ಹತ್ತಿರ ಯಂತ್ರದ ಆನೆಯೂ ಇರಲಿಲ್ಲ ಬಿಡಿ. ಬೈಕ್ ಲೈಟಿನಲ್ಲಿ ಆನೆ ಸೀಳಿ ಬೀಳಿಸಿದ ಬೈನೆ ಮರ, ಹಲಸಿನ ಬೀಜ ತುಂಬಿದ ಹಸಿ ಲದ್ದಿ, ಮುರಿದು ಮಲಗಿದ ಕಾಫಿ ಗಿಡ, ಇಷ್ಟೇ ತೋರಿಸಿದೆ.

ಜಾಸ್ತಿ ಹೊತ್ತು ಹೋಗಿದ್ದು ಸದ್ದಿಗೆ. ನಮ್ಮ ಕಡೆಯವರಿಗೆ ಗೊತ್ತು, ಅಷ್ಟು ದೊಡ್ಡ ಪ್ರಾಣಿ ನಡೆದರೆ ಸದ್ದೇ ಬರುವುದಿಲ್ಲ, ಅಂಗಾಲು ಮೆತ್ತಗಿರುತ್ತದೆ. ಹಾಗಾಗಿ ಘೀಳಿಡಿಸುವ ಗೋಜಿಗೇ ಹೋಗಲಿಲ್ಲ. ರಾತ್ರಿ ತೋಟದಲ್ಲಿ ಜೀರುಂಡೆ ಸದ್ದು ರೆಕಾರ್ಡ್ ಮಾಡಿಕೊಂಡೆ. ಬೈಕ್ ಕೆಟ್ಟು ನಿಂತ ಜಾಗದಿಂದ ಅದನ್ನು ಸಣ್ಣಗೆ ಶುರುಮಾಡಿ, ಕಿವಿಗೆ ಅಭ್ಯಾಸ ಆಗುವವರೆಗೂ ಬಿಟ್ಟು, ಹುಡುಗ ಕಿಕ್ಕರ್ ಹೊಡೆಯಲು ಕಾಲೆತ್ತಿದಾಗ ಪೂರ್ತಿ ಕಟ್ ಮಾಡಿದೆ. ಬೇರೆ ಮ್ಯೂಸಿಕ್ ಏನೂ ಇಲ್ಲ.

ಕಾಫಿ ಕಣದಲ್ಲಿ ಬೆಡ್‌ಶೀಟ್ ಕಟ್ಟಿ ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರಿಗೆಲ್ಲ ತೋರಿಸಿದೆವು. ಚಾರ್ಜರ್ ಬೇಡ ಅಂದಾಗಲೇ ಒಬ್ಬ ಅಜ್ಜಿ ‘ಹಾಕ್ಕೊಳೋ ಮಾರಾಯ!’ ಅಂತ ಕೂಗಿದರು. ಜೀರುಂಡೆ ನಿಂತಾಗ ಅರ್ಧ ಜನ ಪರದೆ ಬಿಟ್ಟು ಹಿಂದಿನ ತೋಟದ ಕಡೆ ತಿರುಗಿದರು.

ಕೊನೆಗೆ ಹುಡುಗ ಏನೂ ಆಗದೆ ಮನೆ ಸೇರುತ್ತಾನೆ. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ತಾಯಿ ಕೇಳುತ್ತಾಳೆ, ‘ಅಪ್ಪ ಸಿಗಲಿಲ್ವಾ? ನಿನ್ನ ಫೋನ್ ಹತ್ತಲಿಲ್ಲ ಅಂತ ಹುಡುಕಿಕೊಂಡು ಹೋದರಲ್ಲ.’ ಅಲ್ಲಿಗೆ ಮುಗಿಸಿದೆ. ಇದು ಮೋಸ ಅಂತ ಜಗಳ ಆಡಿದವರೂ ಇದ್ದಾರೆ. ಅಪ್ಪ ಏನಾದ ಅಂತ ಈಗಲೂ ಸಂತೆಯಲ್ಲಿ ಹಿಡಿದು ಕೇಳುತ್ತಾರೆ, ನಾನಂತೂ ಹೇಳಿಲ್ಲ.